ಒಂಬತ್ತು ಟನ್ನಿನ ಲೆಕ್ಕ ಮತ್ತೆ ಒಂದು ಭುಜದ ಎಲುಬು: ಲಿಸೊವಿಚಿಯಾ ಪ್ರಕರಣ

ಮೊದಲೇ ಹೇಳ್ಬಿಡ್ತೀನಿ, ನಾನು ಪಳೆಯುಳಿಕೆ ಶಾಸ್ತ್ರ ಓದಿದವನಲ್ಲ. ಹೈವೇ ಪಕ್ಕ ನಮ್ಮಪ್ಪ ಹಾಕಿಸಿದ ಒಂದು ವೇ ಬ್ರಿಡ್ಜ್ ಇದೆ, ಕಾಲೇಜು ಮುಗಿದ ಮೇಲೆ ನಾನೂ ಅಲ್ಲೇ ಕೂತ್ಕೊಂಡೆ, ದಿನಾ ಜಲ್ಲಿ ಲಾರಿ, ಕಬ್ಬಿನ ಟ್ರ್ಯಾಕ್ಟರ್, ಮೆಕ್ಕೆಜೋಳದ ಲೋಡು ಬರುತ್ತೆ, ಗ್ರಾಸ್ ಎಷ್ಟು ಟೇರ್ ಎಷ್ಟು ನೆಟ್ ಎಷ್ಟು ಅಂತ ಚೀಟಿ ಹರಿದು ಕೊಡೋದೇ ಕೆಲಸ. ಹಾಗಾಗಿ ಯಾರಾದ್ರೂ ಯಾವುದನ್ನಾದ್ರೂ ಇಷ್ಟು ಟನ್ ಅಂದ್ರೆ ನನ್ನ ಬಾಯಿಗೆ ಮೊದಲು ಬರೋದು, ಎಲ್ಲಿ ತೂಗಿದ್ರಿ ಅನ್ನೋ ಪ್ರಶ್ನೆ.

ಮನೆ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಪೋಲೆಂಡ್ ದೇಶದಲ್ಲಿ ಆನೆ ಗಾತ್ರದ ಡೈನೋಸಾರ್ ಸಿಕ್ಕಿದೆ, ತೂಕ 9 ಟನ್ ಅಂತ, ಜೊತೆಗೆ ಆಮೆ ಮೂತಿಯ ಘೇಂಡಾಮೃಗದ ತರ ಒಂದು ಚಿತ್ರ. ಅಪ್ಪಂಗೆ ತೋರಿಸಿದೆ. ಕನ್ನಡಕ ಏರಿಸ್ಕೊಂಡು ನೋಡಿ, "ಯಾವ ಆನೆನೋ ಅದು ಒಂಬತ್ತು ಟನ್ ಇರೋದು" ಅಂದ್ರು. ಅವ್ರು ಕೇಳಿದ್ದು ಸರಿನೇ, ಮೈಸೂರಲ್ಲಿ ದಸರಾ ಆನೆಗಳನ್ನ ಪ್ರತಿ ವರ್ಷ ವೇ ಬ್ರಿಡ್ಜ್ ಹತ್ತಿಸಿ ತೂಗ್ತಾರೆ, ಪೇಪರಲ್ಲಿ ಒಂದೊಂದರ ತೂಕ ಹಾಕ್ತಾರೆ, ಅಂಬಾರಿ ಹೊರೋ ಗಂಡಾನೆನೇ ಐದು ಟನ್ ಆಸುಪಾಸು. ಆಫ್ರಿಕಾದ ದೊಡ್ಡ ಗಂಡಾನೆ ಆದ್ರೂ ಆರು ಟನ್ ಸುತ್ತಮುತ್ತ. ಹಾಗಾದ್ರೆ ಆನೆ ಗಾತ್ರ ಅನ್ನೋದು ಸರಿನೋ 9 ಟನ್ ಅನ್ನೋದು ಸರಿನೋ? ಅಲ್ಲಿಂದ ಶುರುವಾಯ್ತು ನನ್ನ ಹುಡುಕಾಟ, ರಾತ್ರಿ ಪಾಳಿಲಿ ಲಾರಿ ಇಲ್ದಿದ್ದಾಗೆಲ್ಲ ಇದೇ ಓದ್ತಾ ಕೂತೆ.

ಆ ಫಾರ್ವರ್ಡಲ್ಲಿ ಇದ್ದ ಮೂರು ಮಾತಲ್ಲಿ ಡೈನೋಸಾರ್ ಅನ್ನೋದು ಪೂರ್ತಿ ತಪ್ಪು, ಆನೆ ಗಾತ್ರ ಅನ್ನೋದು ಸರಿ, 9 ಟನ್ ಅನ್ನೋದು ಒಂದು ಕಾಲದ ಅಂದಾಜು, ಆಮೇಲೆ ಇಳೀತು. ಆದ್ರೆ ಲಿಸೊವಿಚಿಯಾ ಅನ್ನೋ ಈ ಪ್ರಾಣಿಯ ನಿಜವಾದ ಸುದ್ದಿ ಅದರಲ್ಲಿ ಇರಲೇ ಇಲ್ಲ, ಅದು ಮುಂಗಾಲನ್ನ ಹೇಗೆ ಊರ್ತಿತ್ತು ಅನ್ನೋದು. ತೂಕ ಜಾರುತ್ತೆ, ಭುಜದ ಎಲುಬು ಜಾರಲ್ಲ. ಜನ ಮಾತ್ರ ತೂಕ ಹಿಡ್ಕೊಂಡು ಭುಜ ಬಿಟ್ಟಿದಾರೆ.

ಜಾಗದಿಂದ ಶುರು ಮಾಡೋಣ. ಪೋಲೆಂಡಿನ ದಕ್ಷಿಣಕ್ಕೆ ಸೈಲೀಷಿಯಾ ಅಂತ ಪ್ರಾಂತ್ಯ, ಅಲ್ಲಿ ಲುಬ್ಲಿನಿಯೆಟ್ಸ್ ಪಟ್ಟಣದ ಹತ್ರ ಲಿಸೊವಿತ್ಸೆ ಅನ್ನೋ ಹಳ್ಳಿ, ಪಕ್ಕದಲ್ಲಿ ಲಿಪಿಯೆ ಶ್ಲೋನ್‌ಸ್ಕಿಯೆ ಅನ್ನೋ ಕಡೆ ಇಟ್ಟಿಗೆ ಕಾರ್ಖಾನೆಗೆ ಜೇಡಿಮಣ್ಣು ತೆಗೆಯೋ ಗುಂಡಿ. 2005ರ ಸುಮಾರಿಗೆ ಕಲ್ಲು, ಪಳೆಯುಳಿಕೆ ಹುಡುಕ್ತಾ ಓಡಾಡೋ ಹವ್ಯಾಸಿಗಳು ಆ ಗುಂಡಿಲಿ ಎಲುಬು ನೋಡಿ ವಿಜ್ಞಾನಿಗಳ ಕಿವಿಗೆ ಹಾಕಿದ್ರು. ವಾರ್ಸಾದ ಪೋಲಿಷ್ ವಿಜ್ಞಾನ ಅಕಾಡೆಮಿಗೆ ಸೇರಿದ ಪೇಲಿಯೋಬಯಾಲಜಿ ಸಂಸ್ಥೆಯವ್ರು ಬಂದ್ರು, ಒಂದೆರಡು ವರ್ಷದಲ್ಲಿ ಅಗೆತ ಶುರುವಾಯ್ತು, ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ನಡೀತು, ಚೂರುಗಳನ್ನೂ ಸೇರಿಸಿ ಎಣಿಸಿದ್ರೆ ಸಾವಿರಕ್ಕೂ ಮೀರಿ ಎಲುಬು ಆ ಜಾಗದಿಂದ ಬಂತು.

ಇಟ್ಟಿಗೆ ಗುಂಡಿಲೇ ಯಾಕೆ ಅಂತ ನಂಗೆ ಮೊದಲು ಅನ್ನಿಸ್ತು, ಆಮೇಲೆ ನೋಡಿದ್ರೆ ಅದೇ ಸೀಮೆಯ ಕ್ರಾಸಿಯೆಯೂಫ್ ಅನ್ನೋ ಕಡೆ ಸಿಲೆಸಾರಸ್ ಅನ್ನೋ ಇನ್ನೊಂದು ಟ್ರಯಾಸಿಕ್ ಯುಗದ (ಸುಮಾರು 25ರಿಂದ 20 ಕೋಟಿ ವರ್ಷದ ಹಿಂದಿನ) ಪ್ರಾಣಿ ಸಿಕ್ಕಿದ್ದೂ ಜೇಡಿಮಣ್ಣಿನ ಗುಂಡಿಲೇ. ಯೋಚನೆ ಮಾಡಿದ್ರೆ ಸಹಜ. ನಮ್ಮ ಕಡೆ ಇಟ್ಟಿಗೆ ಗೂಡಿನವ್ರು ಕೆರೆ ಗೋಡು ಹುಡುಕ್ಕೊಂಡು ಹೋಗೋದು ಅದು ನುಣುಪಾಗಿ, ಕಲ್ಲಿಲ್ದೆ ಇರುತ್ತೆ ಅಂತ ತಾನೆ? ಹಳೇ ಕಾಲದ ನದಿ, ಹೊಂಡದಲ್ಲಿ ನಿಧಾನಕ್ಕೆ ಕೂತ ಅಂಥ ನುಣುಪು ಕೆಸರೇ ಸತ್ತ ಪ್ರಾಣಿ ಮೇಲೆ ಮೆತ್ತಗೆ ಹೊದಿಕೆ ಹಾಕಿ ಎಲುಬು ಉಳಿಸೋದು. ಇಟ್ಟಿಗೆಗೆ ಒಳ್ಳೆ ಮಣ್ಣೇ ಎಲುಬಿಗೂ ಒಳ್ಳೆ ಮಣ್ಣು.

ಮೊದಲ ಸುದ್ದಿ 2008ರಲ್ಲಿ. ಯೆಜಿ ಜಿಕ್, ತೊಮಾಷ್ ಸುಲೆಯ್, ಗ್ಜೆಗೋಷ್ ನಿಯೆಜ್‌ವಿಯೆಟ್ಸ್ಕಿ ಮೂರು ಜನ ಸೇರಿ, ಇಲ್ಲಿ ಟ್ರಯಾಸಿಕ್ ಯುಗದ ಕೊನೆ ಭಾಗದ ಪದರದಲ್ಲಿ ಒಂದು ದೊಡ್ಡ ಡೈಸಿನೊಡಾಂಟ್, ಅಂದ್ರೆ ಆಮೆ ಕೊಕ್ಕಿನ ಸೊಪ್ಪು ತಿನ್ನೋ ಹಳೇ ಪ್ರಾಣಿ, ಸಿಕ್ಕಿದೆ, ಜೊತೆಗೆ ಒಂದು ದೊಡ್ಡ ಮಾಂಸಾಹಾರಿನೂ ಇದೆ ಅಂತ ಬರೆದ್ರು. ಓದಿದವ್ರು ಹುಬ್ಬೇರಿಸಿದ್ರು, ಯಾಕಂದ್ರೆ ಡೈಸಿನೊಡಾಂಟ್‌ಗಳ ಕಾಲ ಅಷ್ಟೊತ್ತಿಗೆ ಮುಗಿದೇ ಹೋಗಿತ್ತು, ಎಲ್ಲೋ ಒಂದೆರಡು ಉಳಿದಿರ್ಬೋದು ಅಷ್ಟೆ ಅನ್ನೋ ನಂಬಿಕೆ ಇತ್ತು. ಪ್ರಾಣಿಗೆ ಹೆಸರು ಬಿದ್ದಿದ್ದು ಇನ್ನೂ ಹತ್ತು ವರ್ಷ ಬಿಟ್ಟು, 2018ರ ನವೆಂಬರಲ್ಲಿ ಸುಲೆಯ್ ಮತ್ತೆ ನಿಯೆಜ್‌ವಿಯೆಟ್ಸ್ಕಿ 'ಸೈನ್ಸ್' ಪತ್ರಿಕೇಲಿ ಲಿಸೊವಿಚಿಯಾ ಬೊಯಾನಿ ಅಂತ ಪ್ರಕಟಿಸಿದ್ರು. ಲಿಸೊವಿಚಿಯಾ ಅಂದ್ರೆ ಹಳ್ಳಿ ಹೆಸರು. ಬೊಯಾನಿ ಅಂದ್ರೆ ಲುಡ್ವಿಗ್ ಹೈನ್ರಿಖ್ ಬೊಯಾನಸ್, 1776ರಲ್ಲಿ ಹುಟ್ಟಿ 1827ರಲ್ಲಿ ತೀರಿಕೊಂಡ ಅಂಗರಚನಾ ವಿಜ್ಞಾನಿ, ವಿಲ್ನಿಯಸ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಿದ್ದೋರು, ಆಮೆಯ ಒಳಗಿನ ಅಂಗಾಂಗಗಳ ಬಗ್ಗೆ ಅವ್ರು ಮಾಡಿದ ಪುಸ್ತಕ ಇವತ್ತಿಗೂ ಹೆಸರುವಾಸಿ, ದನಗಳ ಪೂರ್ವಜ ಆದ ಕಾಡು ಹಸುವಿಗೆ ಬಾಸ್ ಪ್ರಿಮಿಜೀನಿಯಸ್ ಅಂತ ಹೆಸರಿಟ್ಟಿದ್ದೂ ಅವ್ರೇ.

ಈಗ ಡೈನೋಸಾರ್ ಅನ್ನೋ ತಪ್ಪು. ಡೈಸಿನೊಡಾಂಟ್ ಅಂದ್ರೆ ಎರಡು ಕೋರೆಹಲ್ಲಿನದು ಅಂತ ಅರ್ಥ, ದಕ್ಷಿಣ ಆಫ್ರಿಕಾದಿಂದ ಹೋದ ತಲೆಬುರುಡೆ ನೋಡಿ 1845ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವನ್ ಇಟ್ಟ ಹೆಸರಿಂದ ಬಂದಿದ್ದು. ಇವು ಡೈನೋಸಾರ್ ಕಡೆಯವಲ್ಲ, ನಮ್ಮ ಕಡೆಯವು. ಕಣ್ಣಿನ ಹಿಂದೆ ತಲೆಬುರುಡೇಲಿ ಪಕ್ಕಕ್ಕೆ ಒಂದೇ ತೂತು ಇರೋ ಪ್ರಾಣಿಗಳ ವಂಶ ಒಂದು, ಎರಡು ತೂತು ಇರೋದ್ರ ವಂಶ ಇನ್ನೊಂದು. ಮೊಸಳೆ, ಹಲ್ಲಿ, ಡೈನೋಸಾರ್, ಹಕ್ಕಿ ಎಲ್ಲ ಎರಡು ತೂತಿನ ಮನೆತನ. ಹಸು, ಆನೆ, ಇಲಿ, ನೀವು, ನಾನು, ಈ ಡೈಸಿನೊಡಾಂಟು ಎಲ್ಲ ಒಂದು ತೂತಿನ ಮನೆತನ. ಆದ್ರೆ ನಮ್ಮ ಅಜ್ಜ ಮುತ್ತಜ್ಜ ಅಲ್ಲ ಇದು, ದಾಯಾದಿ. ಬಹಳ ಹಿಂದೇನೇ ಆಸ್ತಿ ಭಾಗ ಆಗಿ ಬೇರೆ ಮನೆ ಮಾಡ್ಕೊಂಡ ಕವಲು, ಆ ಕವಲಲ್ಲಿ ಇವತ್ತು ದೀಪ ಹಚ್ಚೋಕೆ ಯಾರೂ ಉಳಿದಿಲ್ಲ.

ಒಂದು ಕಾಲಕ್ಕೆ ಇವು ಹಸು ಎಮ್ಮೆ ತರ ಎಲ್ಲ ಕಡೆ ಇದ್ವು. 25 ಕೋಟಿ 20 ಲಕ್ಷ ವರ್ಷದ ಹಿಂದೆ ಪರ್ಮಿಯನ್ ಯುಗದ ಕೊನೇಲಿ ಜೀವಿಗಳು ಸಾರಾಸಗಟಾಗಿ ನಾಶ ಆದಾಗ ಬದುಕಿ ಉಳಿದು ಹರಡಿದ ಲಿಸ್ಟ್ರೊಸಾರಸ್ ಇದೇ ಗುಂಪಿಂದು, ಅದು ಬಂಗಾಳದ ದಾಮೋದರ ಕಣಿವೆಯಲ್ಲೂ ಸಿಗುತ್ತೆ, ದಕ್ಷಿಣ ಆಫ್ರಿಕಾದಲ್ಲೂ ಸಿಗುತ್ತೆ, ಅಂಟಾರ್ಕ್ಟಿಕಾದಲ್ಲೂ ಸಿಗುತ್ತೆ, ಈ ಖಂಡಗಳೆಲ್ಲ ಒಂದಾಗಿದ್ವು ಅನ್ನೋಕೆ ಅದನ್ನೇ ಸಾಕ್ಷಿ ಕೊಡ್ತಾರೆ. ಪ್ರಾಣಹಿತಾ ಗೋದಾವರಿ ಕಣಿವೇಲಿ ಎರ್ರಪಲ್ಲಿ ಅನ್ನೋ ಪದರದಿಂದ ಕೋಲ್ಕತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್ಸ್ಟಿಟ್ಯೂಟಿನ ತಪನ್ ರಾಯ್ ಚೌಧುರಿ 1970ರಲ್ಲಿ ವಾಡಿಯಾಸಾರಸ್ ಅನ್ನೋ ದೊಡ್ಡ ಡೈಸಿನೊಡಾಂಟ್‌ನ ವಿವರಿಸಿದ್ರು, ಭೂವಿಜ್ಞಾನಿ ಡಿ. ಎನ್. ವಾಡಿಯಾ ಅವ್ರ ಹೆಸರಲ್ಲಿ. ನಮ್ಮ ಕರ್ನಾಟಕದಲ್ಲಿ ಯಾಕಿಲ್ಲ ಅಂದ್ರೆ ನಮ್ಮ ಬಂಡೆಗಳು ಹೆಚ್ಚಿನವು ಎಲುಬಿರೋ ಪ್ರಾಣಿ ಹುಟ್ಟೋಕೆ ಎಷ್ಟೋ ಮುಂಚಿನವು, ಉತ್ತರದ ಕಡೆ ಇರೋ ಕಪ್ಪು ಲಾವಾ ಇದಕ್ಕಿಂತ ತೀರಾ ಆಮೇಲಿಂದು. ಮಧ್ಯದ ಪುಟವೇ ನಮ್ಮಲ್ಲಿ ಹರಿದು ಹೋಗಿದೆ.

ನೋಡೋಕೆ ಹೇಗಿದ್ವು ಅಂದ್ರೆ ಪೀಪಾಯಿ ತರ ಮೈ, ಗಿಡ್ಡ ಬಾಲ, ಮೂತಿ ತುದೀಲಿ ಆಮೆಗೆ ಇರೋ ತರ ಕೊಂಬಿನಂಥ ಕೊಕ್ಕು. ಹಸು ಪಕ್ಕಕ್ಕೆ ದವಡೆ ಆಡಿಸಿ ಮೆಲುಕು ಹಾಕುತ್ತಲ್ಲ, ಹಾಗಲ್ಲ, ಇವು ಕೆಳದವಡೆನ ಹಿಂದಕ್ಕೆ ಎಳೆದು ಸೊಪ್ಪು ಕತ್ತರಿಸ್ತಿದ್ವು.

ಭುಜಕ್ಕೆ ಬರ್ತೀನಿ. ಇದೇ ಈ ಪ್ರಕರಣದ ಜೀವ.

ಸಾಮಾನ್ಯ ಡೈಸಿನೊಡಾಂಟಿನ ನಿಲುವು ಒಂಥರಾ ಅರ್ಧಂಬರ್ಧ. ಹಿಂಗಾಲು ಸುಮಾರಾಗಿ ಮೈ ಕೆಳಗೇ ಇರುತ್ತೆ, ಮುಂಗಾಲು ಮಾತ್ರ ಪಕ್ಕಕ್ಕೆ ಚಾಚಿರುತ್ತೆ. ನೀವು ದಂಡ ಹೊಡೆಯೋಕೆ ಕೆಳಗೆ ಬಗ್ಗಿದಾಗ ಮೊಣಕೈ ಎರಡೂ ಹೊರಗೆ ಹೋಗುತ್ತಲ್ಲ, ಆ ಭಂಗಿ. ಅದರಲ್ಲಿ ಎಷ್ಟೊತ್ತು ಇರ್ತೀರಾ ನೋಡಿ, ಒಂದು ನಿಮಿಷಕ್ಕೆ ಕೈ ನಡುಗುತ್ತೆ. ಯಾಕಂದ್ರೆ ಮೈ ಭಾರ ಎಲುಬಿನ ಮೇಲಲ್ಲ, ಸ್ನಾಯು ಮೇಲೆ ಬಿದ್ದಿರುತ್ತೆ. ಅದೇ ಕೈ ನೆಟ್ಟಗೆ ಮಾಡಿ ನಿಂತ್ರೆ ಭಾರ ಎಲುಬಿನ ಮೂಲಕ ನೇರ ನೆಲಕ್ಕೆ ಇಳಿಯುತ್ತೆ, ಆರಾಮಾಗಿ ಮಾತಾಡ್ತಾ ಇರ್ಬೋದು.

ಲಿಸೊವಿಚಿಯಾದಲ್ಲಿ ತೋಳಿನ ಎಲುಬು, ಅಂದ್ರೆ ಭುಜದಿಂದ ಮೊಣಕೈವರೆಗಿನದು, ಬೇರೆ ಡೈಸಿನೊಡಾಂಟ್‌ಗಳಿಗಿಂತ ನೆಟ್ಟಗೆ, ಉದ್ದಕ್ಕೆ ಇದೆ. ಅದು ಕೂರೋ ಭುಜದ ಗುಂಡಿ ಪಕ್ಕಕ್ಕೆ ತಿರುಗಿಲ್ಲ, ಕೆಳಮುಖ ಆಗಿದೆ. ಈ ಎರಡನ್ನ ಜೋಡಿಸಿದ್ರೆ ತೋಳು ಪಕ್ಕಕ್ಕೆ ಚಾಚೋಕೆ ಆಗಲ್ಲ, ಮೈ ಕೆಳಗೇ ಕಂಬದ ತರ ಬರುತ್ತೆ, ಮೊಣಕೈ ಹಿಂದಕ್ಕೆ ಮಡಚುತ್ತೆ. ಆನೆ, ಘೇಂಡಾಮೃಗ ನಿಲ್ಲೋ ತರ. ಡೈಸಿನೊಡಾಂಟ್ ವಂಶದಲ್ಲಿ ನಾಲ್ಕೂ ಕಾಲು ಹೀಗೆ ನೆಟ್ಟಗೆ ಇದ್ದದ್ದು ಇದಕ್ಕಿಂತ ಮುಂಚೆ ಯಾರೂ ನೋಡಿರ್ಲಿಲ್ಲ. ಸಸ್ತನಿಗಳ ಮುಂಗಾಲು ನೆಟ್ಟಗಾಗಿದ್ದು ಬೇರೆ ದಾರೀಲಿ, ಬೇರೆ ಹೊತ್ತಲ್ಲಿ, ಅವುಗಳಿಂದ ಇದು ಕಲಿತಿದ್ದಲ್ಲ, ದಾಯಾದಿ ಮನೇಲಿ ತಾನೇ ಸ್ವಂತಕ್ಕೆ ಕಂಡ್ಕೊಂಡಿದ್ದು. ಹಾಗಾಗಿ 2018ರ ಲೇಖನದ ತಲೆಬರಹದಲ್ಲೇ ಆನೆ ಗಾತ್ರದ ಜೊತೆ ನೆಟ್ಟಗಿನ ಕಾಲಿನ ಮಾತೂ ಇದೆ, ಪತ್ರಿಕೆಗಳು ಮೊದಲರ್ಧ ತಗೊಂಡು ಇನ್ನರ್ಧ ಬಿಟ್ಟು ಓಡಿದ್ವು ಅಷ್ಟೆ.

ಇದಕ್ಕೂ ಗಾತ್ರಕ್ಕೂ ಸಂಬಂಧ ಇದೆ. ಪ್ರಾಣಿ ಉದ್ದ ಅಗಲ ಎತ್ತರ ಎಲ್ಲ ಎರಡು ಪಟ್ಟು ಆದ್ರೆ ತೂಕ ಎಂಟು ಪಟ್ಟು ಆಗುತ್ತೆ, ಆದ್ರೆ ಕಾಲಿನ ಎಲುಬು ಅಡ್ಡ ಕೊಯ್ದಾಗ ಕಾಣೋ ಮುಖದ ವಿಸ್ತೀರ್ಣ ನಾಲ್ಕೇ ಪಟ್ಟು. ಅಂದ್ರೆ ಎಲುಬಿನ ಮೇಲೆ ಒತ್ತಡ ಎರಡು ಪಟ್ಟು ಜಾಸ್ತಿ. ಲೋಡು ಎಂಟು ಪಟ್ಟು ಏರಿಸಿ ಸ್ಪ್ರಿಂಗ್ ಪ್ಲೇಟು ನಾಲ್ಕು ಪಟ್ಟು ಮಾತ್ರ ಹಾಕಿಸಿದ ಲಾರಿ ನೆನೆಸ್ಕೊಳ್ಳಿ, ಎಲ್ಲೋ ಒಂದು ಕಡೆ ಕೂತೇ ಕೂರುತ್ತೆ. ಕಾಲು ಚಾಚಿ ನಿಂತು ಆನೆ ಗಾತ್ರಕ್ಕೆ ಹೋಗೋದು ಬಹಳ ಕಷ್ಟ, ನೆಟ್ಟಗೆ ನಿಂತ್ರೆ ಹೋಗ್ಬೋದು. ಈಗ ಕಾಲು ನೆಟ್ಟಗಾಗಿದ್ರಿಂದ ದೊಡ್ಡದಾಯ್ತಾ, ದೊಡ್ಡದಾಗ್ತಾ ಹೋಗಿದ್ರಿಂದ ಕಾಲು ನೆಟ್ಟಗಾಯ್ತಾ ಅಂದ್ರೆ, ಮಧ್ಯದ ಪ್ರಾಣಿಗಳು ಸಿಗೋವರೆಗೂ ಕೋಳಿ ಮೊದಲೋ ಮೊಟ್ಟೆ ಮೊದಲೋ ಜಗಳನೇ. ನನ್ನ ಪ್ರಕಾರ ಎರಡೂ ಒಟ್ಟೊಟ್ಟಿಗೆ ನಡೆದಿರುತ್ತೆ, ಒಂದು ಸ್ವಲ್ಪ ಇದು, ಒಂದು ಸ್ವಲ್ಪ ಅದು.

ಎಲುಬು ತೆಳ್ಳಗೆ ಸೀಳಿ ಮೈಕ್ರೋಸ್ಕೋಪಲ್ಲೂ ನೋಡಿದಾರೆ. ಒಳಗಿನ ರಚನೆ ಬೇಗ ಬೇಗ ಬೆಳೆಯೋ ಪ್ರಾಣಿಗಳದ್ದು, ರಕ್ತನಾಳದ ದಾರಿ ತುಂಬಿರೋ ಎಲುಬು. ಅಂದ್ರೆ ಆಮೆ ತರ ನೂರು ವರ್ಷ ನಿಧಾನಕ್ಕೆ ಊದಿಕೊಂಡು ದೊಡ್ಡದಾಗಿದ್ದಲ್ಲ, ಆನೆಮರಿ ತರ ಸರಸರ ಬೆಳೆದದ್ದು.

ಸರಿ, ಈಗ ನನ್ನ ಡಿಪಾರ್ಟ್‌ಮೆಂಟು, ತೂಕ.

2018ರ ಲೇಖನದ ಪ್ರಕಾರ ಉದ್ದ ಸುಮಾರು 4.5 ಮೀಟರ್, ಎತ್ತರ 2.6 ಮೀಟರ್, ತೂಕ ಸುಮಾರು 9 ಟನ್. ಅದುವರೆಗೆ ಗೊತ್ತಿದ್ದ ಡೈಸಿನೊಡಾಂಟ್‌ಗಳಿಗಿಂತ ಶೇಕಡ 40ರಷ್ಟು ದೊಡ್ಡದು ಅಂದ್ರು. ಉದ್ದ ಎತ್ತರ ಇರ್ಲಿ, ಆ 9 ಬಂದಿದ್ದು ಹೇಗೆ? ಬದುಕಿರೋ ನೂರಾರು ಜಾತಿಯ ನಾಲ್ಕು ಕಾಲಿನ ಪ್ರಾಣಿಗಳ ತೋಳಿನ ಎಲುಬು, ತೊಡೆ ಎಲುಬು ಎರಡರ ಸುತ್ತಳತೆ ತಗೊಂಡು, ಅವುಗಳ ತೂಕದ ಜೊತೆ ಹೋಲಿಸಿ, ಇಷ್ಟು ಸುತ್ತಳತೆ ಇದ್ರೆ ಇಷ್ಟು ತೂಕ ಅಂತ ಒಂದು ಸೂತ್ರ ಮಾಡಿರ್ತಾರೆ. ಸತ್ತ ಪ್ರಾಣಿ ಎಲುಬಿನ ಸುತ್ತಳತೆನ ಆ ಸೂತ್ರಕ್ಕೆ ಹಾಕಿದ್ರೆ ತೂಕ ಬರುತ್ತೆ. ಕೆಟ್ಟ ಉಪಾಯ ಏನಲ್ಲ. ಪಳೆಯುಳಿಕೆಲಿ ಪೂರ್ತಿ ಮೈ ಸಿಗೋದು ಅಪರೂಪ, ಕಾಲೆಲುಬು ಗಟ್ಟಿ ಇರೋದ್ರಿಂದ ಅದಾದ್ರೂ ಉಳಿದಿರುತ್ತೆ, ಲಿಸೊವಿತ್ಸೆಲೂ ಅಷ್ಟೆ, ಒಂದೇ ಪ್ರಾಣಿ ತಲೆಯಿಂದ ಬಾಲದವರೆಗೆ ಸಾಲಾಗಿ ಮಲಗಿದ್ದು ಸಿಕ್ಕಿಲ್ಲ, ಬೇರೆ ಬೇರೆಯವುಗಳ ಎಲುಬು ಚೆಲ್ಲಾಪಿಲ್ಲಿ.

ಆದ್ರೆ ಈ ಉಪಾಯದಲ್ಲಿ ಏನು ತೊಂದ್ರೆ ಅಂತ ಲಾರಿ ನೋಡಿದ ಯಾರಿಗಾದ್ರೂ ಗೊತ್ತಾಗುತ್ತೆ. ಟೈರು ಆಕ್ಸಲ್ ನೋಡಿ ಇದರಲ್ಲಿ ಎಷ್ಟು ಲೋಡು ಇದೆ ಹೇಳು ಅಂದ್ರೆ, ಇಷ್ಟು ಹೊರ್ಬೋದು ಅಂತ ಹೇಳ್ತೀನಿ, ಇಷ್ಟು ಹೊತ್ತಿದೆ ಅಂತ ಹೇಳೋಕಾಗಲ್ಲ. ಅದೇ ಆಕ್ಸಲ್ ಮೇಲೆ ಒಬ್ಬ ಜಲ್ಲಿ ತುಂಬಿರ್ತಾನೆ, ಇನ್ನೊಬ್ಬ ಹತ್ತಿ ತುಂಬಿರ್ತಾನೆ. ಡೈಸಿನೊಡಾಂಟ್‌ಗಳ ಕಾಲೆಲುಬು ಮೊದಲಿಂದಲೂ ದಪ್ಪ ದಪ್ಪ, ವಂಶದ ಗುಣವೇ ಅದು. ಇವತ್ತಿನ ಹಸು, ಜಿಂಕೆ, ಹಲ್ಲಿ ನೋಡಿ ಮಾಡಿದ ಸೂತ್ರಕ್ಕೆ ಅಂಥ ಎಲುಬು ಹಾಕಿದ್ರೆ ತೂಕ ಜಾಸ್ತಿ ತೋರಿಸೋ ಸಾಧ್ಯತೆ ಇದೆ.

ಮುಂದಿನ ವರ್ಷವೇ, 2019ರಲ್ಲಿ, ಇಟಲಿಯ ಮಾರ್ಕೊ ರೊಮಾನೊ ಮತ್ತೆ ಫಾಬಿಯೊ ಮನೂಚ್ಚಿ ಬೇರೆ ದಾರಿ ಹಿಡಿದ್ರು. ಕಂಪ್ಯೂಟರಲ್ಲಿ ಮೂರು ಆಯಾಮದ ಮೈ ಕಟ್ಟಿದ್ರು, ಎಲುಬಿನ ಮೇಲೆ ಮಾಂಸ ಚರ್ಮ ಹೊದಿಸಿದ್ರು, ಅದರ ಗಾತ್ರ ಎಷ್ಟು ಲೀಟರ್ ಅಂತ ತೆಗೆದು ಸಾಂದ್ರತೆಯಿಂದ ಗುಣಿಸಿದ್ರು. ಬಂದಿದ್ದು 4.87ರಿಂದ 7.02 ಟನ್, ಸರಾಸರಿ ಆರು ಟನ್ನಿಗೆ ಒಂಚೂರು ಕಮ್ಮಿ. ಒಂಬತ್ತರಿಂದ ಆರಕ್ಕೆ! ನಮ್ಮ ವೇ ಬ್ರಿಡ್ಜಲ್ಲಿ ಮೂರು ಟನ್ ವ್ಯತ್ಯಾಸ ಬಂದ್ರೆ ಡ್ರೈವರ್ ಕಾಲರ್ ಹಿಡೀತಾನೆ.

ಈ ಎರಡನೇ ಲೆಕ್ಕನೂ ದೇವರು ಬರೆದದ್ದಲ್ಲ. ಪಕ್ಕೆಲುಬು ಎಷ್ಟು ಅಗಲಕ್ಕೆ ಬಾಗಿತ್ತು, ಹೊಟ್ಟೆ ಎಷ್ಟು ಜೋತಿತ್ತು, ಕುತ್ತಿಗೆ ಎಷ್ಟು ದಪ್ಪ, ಎಲ್ಲಾನೂ ಹತ್ತಿರದ ನೆಂಟರನ್ನ ನೋಡಿ ತುಂಬಿಸಿರೋದು, ಸೊಪ್ಪು ತಿನ್ನೋ ಪ್ರಾಣಿಗೆ ಹೊಟ್ಟೆಲೂ ಸಾಕಷ್ಟು ತೂಕ ಅಡಗಿರುತ್ತೆ, ಹೊಟ್ಟೆ ಎಲುಬಿಲ್ದೆ ಹೋಗುತ್ತೆ. ಆದ್ರೂ ಇದರಲ್ಲಿ ನಂಗೆ ಇಷ್ಟ ಆಗಿದ್ದು ಒಂದೇ ಅಂಕಿ ಹಿಡಿದು ಕೂರದೆ ಇಷ್ಟರಿಂದ ಇಷ್ಟು ಅಂತ ಕೊಟ್ಟಿದ್ದು. ಚೀಟಿ ಇಲ್ಲದ ತೂಕಕ್ಕೆ ಅದೇ ಮರ್ಯಾದಸ್ಥರ ಉತ್ತರ. ಇನ್ನೊಂದು ತಮಾಷೆ ಏನಂದ್ರೆ, ತೂಕ ಇಳಿದ ಮೇಲೇನೇ ಆನೆ ಗಾತ್ರ ಅನ್ನೋ ಮಾತು ಸರಿಯಾಗಿದ್ದು. ಆರು ಟನ್ ಅಂದ್ರೆ ದೊಡ್ಡ ಗಂಡಾನೆ, ಒಂಬತ್ತು ಟನ್ ಅಂದ್ರೆ ಅಪ್ಪ ಕೇಳಿದ ಪ್ರಶ್ನೆ.

ತೂಕ ಇಳಿದ್ರೂ ಭುಜ ಹಂಗೇ ಇದೆ, ಆ ಗುಂಡಿ ಕೆಳಗೇ ನೋಡ್ತಿದೆ, ತೋಳು ನೆಟ್ಟಗೇ ಇದೆ. ಐದು ಟನ್ ಆಗ್ಲಿ ಏಳು ಟನ್ ಆಗ್ಲಿ, ಡೈಸಿನೊಡಾಂಟ್‌ಗಳಲ್ಲಿ ಇದೇ ದೊಡ್ಡದು ಅನ್ನೋ ಮಾತಿಗೂ ಏನೂ ಆಗಿಲ್ಲ.

ವಯಸ್ಸಿನ ಬಗ್ಗೆನೂ ಸ್ವಲ್ಪ ಎಳೆದಾಟ ಇದೆ, ಜಾಸ್ತಿ ಎಳೆಯಲ್ಲ. ಮೊದಲು 20 ಕೋಟಿ 50 ಲಕ್ಷದಿಂದ 21 ಕೋಟಿ ವರ್ಷ ಅಂದ್ರು. 2019ರಲ್ಲಿ ಆ ಮಣ್ಣಿನಲ್ಲಿರೋ ಜಿರ್ಕಾನ್ ಹರಳುಗಳನ್ನ, ಒಳಗಿನ ಯುರೇನಿಯಂ ಎಷ್ಟು ಸೀಸ ಆಗಿದೆ ಅಂತ ನೋಡಿ ವಯಸ್ಸು ಹೇಳೋ ವಿಧಾನದಲ್ಲಿ ಪರೀಕ್ಷೆ ಮಾಡಿದ್ರೆ ಅತಿ ಹೊಸ ಹರಳುಗಳು ಸುಮಾರು 21 ಕೋಟಿ 10 ಲಕ್ಷ ವರ್ಷದವು, 30 ಲಕ್ಷ ಹೆಚ್ಚು ಕಮ್ಮಿ. ಮಣ್ಣು ತನ್ನೊಳಗಿನ ಹರಳಿಗಿಂತ ಹಳೇದಾಗಿರೋಕೆ ಆಗಲ್ಲ, ಗೋಡೆ ಇಟ್ಟಿಗೆಗಿಂತ ಹಳೇದಾಗಲ್ವಲ್ಲ ಹಂಗೆ, ಹೊಸದಾಗಿರ್ಬೋದು. ಹಾಗಾಗಿ ಇದು ಮೇಲಿನ ಮಿತಿ ಅಷ್ಟೆ, ಟ್ರಯಾಸಿಕ್ ಕೊನೆಗೆ ಎಷ್ಟು ಹತ್ತಿರ ಅನ್ನೋದ್ರ ಮೇಲೆ ವಾದ ನಡೀತಿದೆ. ಟ್ರಯಾಸಿಕ್ ಮುಗಿದಿದ್ದು 20 ಕೋಟಿ 10 ಲಕ್ಷ ವರ್ಷದ ಹಿಂದೆ.

ಅದೇ ಹೊತ್ತಲ್ಲಿ ಡೈನೋಸಾರ್ ಕಡೇಲೂ ದೊಡ್ಡದಾಗೋ ಕೆಲಸ ನಡೀತಿತ್ತು. 2018ರ ಜುಲೈಲಿ, ಅಂದ್ರೆ ನಮ್ಮ ಪ್ರಾಣಿಗೆ ನಾಲ್ಕು ತಿಂಗಳು ಮುಂಚೆ, ಅರ್ಜೆಂಟೀನಾದಿಂದ ಇಂಜೆಂಟಿಯಾ ಅನ್ನೋ ಉದ್ದ ಕತ್ತಿನ ಡೈನೋಸಾರ್ ಸುದ್ದಿ ಬಂದಿತ್ತು, ಆ ಗುಂಪಿನವು 7ರಿಂದ 10 ಟನ್ ಅಂತ, ಅದೂ ಚೀಟಿ ಇಲ್ಲದ ತೂಕವೇ. ಹಾಗಾಗಿ ಟ್ರಯಾಸಿಕ್‌ನಲ್ಲಿ ಭಾರಿ ಗಾತ್ರ ಅನ್ನೋದು ಡೈನೋಸಾರ್‌ಗಳ ಒಬ್ಬರದೇ ಗುತ್ತಿಗೆ ಅಲ್ಲ, ಎರಡು ಮನೆತನವೂ ಬೇರೆ ಬೇರೆ ಊರಲ್ಲಿ ಅದನ್ನೇ ಮಾಡ್ತಿದ್ವು.

ಯಾಕೆ ಅಷ್ಟು ದೊಡ್ಡದಾಯ್ತು ಅನ್ನೋಕೆ ಒಂದು ಕಾರಣ ಪಕ್ಕದಲ್ಲೇ ಇದ್ದ ನೆರೆಹೊರೆಯವ್ರು ಇರ್ಬೋದು. 2008ರ ವರದೀಲಿ ಹೇಳಿದ ಮಾಂಸಾಹಾರಿಗೆ ಆಮೇಲೆ ಸ್ಮೊಕ್ ವಾವೆಲ್ಸ್ಕಿ ಅಂತ ಹೆಸರಿಟ್ರು, ವಾವೆಲ್ ಗುಡ್ಡದ ಡ್ರ್ಯಾಗನ್ ಅಂತ. ಕ್ರಾಕೋವ್ ಊರಿನ ವಾವೆಲ್ ಗುಡ್ಡದ ಗವೀಲಿ ಡ್ರ್ಯಾಗನ್ ಇತ್ತು ಅನ್ನೋದು ಪೋಲೆಂಡಿನ ಮಕ್ಕಳಿಗೆಲ್ಲ ಗೊತ್ತಿರೋ ಕಥೆ, ಅಲ್ಲಿನ ಚರ್ಚ್ ಬಾಗಿಲ ಹತ್ರ ಹಳೇ ಕಾಲದ ದೊಡ್ಡ ದೊಡ್ಡ ಎಲುಬು ಸರಪಳೀಲಿ ನೇತುಹಾಕಿದಾರೆ, ಡ್ರ್ಯಾಗನ್‌ದು ಅಂತ ಜನ ಹೇಳ್ತಾರೆ. ಈ ಸ್ಮೊಕ್ ಐದಾರು ಮೀಟರ್ ಉದ್ದದ ಪ್ರಾಣಿ. ಲಿಸೊವಿತ್ಸೆಯ ಡೈಸಿನೊಡಾಂಟ್ ಎಲುಬುಗಳ ಮೇಲೆ ಹಲ್ಲಿನ ಗೀರು ಸಿಕ್ಕಿವೆ, 2011ರಲ್ಲೇ ಅದರ ಮೇಲೆ ಲೇಖನ ಬಂತು. ದೊಡ್ಡದಾದ್ರೆ ತಿನ್ನೋರಿಗೆ ಕಷ್ಟ, ಅದು ಸರಿ, ಆದ್ರೆ ಬದುಕಿದ್ದಾಗ ಕಚ್ಚಿದ್ದೋ ಸತ್ತ ಮೇಲೆ ಕಚ್ಚಿದ್ದೋ ಅನ್ನೋದನ್ನ ಬರೀ ಗೀರು ಹೇಳಲ್ಲ, ಹಾಗಾಗಿ ಈ ಕಾರಣಕ್ಕೆ ನಾನು ಪೂರ್ತಿ ಮಾರ್ಕ್ಸ್ ಕೊಡಲ್ಲ.

ಎಲುಬಿಗಿಂತ ಜಾಸ್ತಿ ಬಾಯಿ ಬಿಟ್ಟಿದ್ದು ಸಗಣಿ. ನಗಬೇಡಿ. ಕಲ್ಲಾದ ಸಗಣಿನ ಕೊಪ್ರೊಲೈಟ್ ಅಂತಾರೆ, ಲಿಸೊವಿತ್ಸೆಲಿ ಅದು ರಾಶಿ ರಾಶಿ. ಸ್ಮೊಕ್‌ದು ಅಂತ ಗುರುತಿಸಿದ ಉಂಡೆಗಳನ್ನ ಒಡೀದೆ ಸಿಂಕ್ರೊಟ್ರಾನ್ ಅನ್ನೋ ದೊಡ್ಡ ಯಂತ್ರದ ತುಂಬ ಪ್ರಖರ ಎಕ್ಸ್‌ರೇಲಿ ನೋಡಿದ್ರೆ ಒಳಗೆ ಪುಡಿಯಾದ ಎಲುಬು, ಕೆಲವದರಲ್ಲಿ ಅರ್ಧಕ್ಕರ್ಧ ಎಲುಬೇ, ಜೊತೆಗೆ ಮುರಿದ ಗರಗಸದಂಚಿನ ಹಲ್ಲು, ಎಲುಬು ಕಡಿಯೋ ಭರದಲ್ಲಿ ತನ್ನದೇ ಹಲ್ಲು ಮುರಿದು ನುಂಗಿರ್ಬೇಕು. ಲಿಸೊವಿಚಿಯಾದ್ದು ಇರ್ಬೋದು ಅಂತ 2014ರಲ್ಲಿ ವಿವರಿಸಿದ ಸಗಣಿಲಿ ಗಿಡದ ಚೂರು, ಅದರಲ್ಲೂ ಕೋನಿಫರ್, ಅಂದ್ರೆ ಪೈನ್ ಜಾತಿ ಮರಗಳ ಕಡೆಯದು. ಒಣಗಲು ಮೇವು, ಸತ್ವ ಕಮ್ಮಿ, ಅಂಥದ್ದು ತಿಂದು ಬದುಕೋಕೆ ದೊಡ್ಡ ಹೊಟ್ಟೆ ಬೇಕು, ಬಹಳ ಹೊತ್ತು ಒಳಗೆ ಕೊಳೆಸಬೇಕು. ಮೈ ದೊಡ್ಡದಾಗೋಕೆ ಈ ಕಾರಣ ನಂಗೆ ಸ್ಮೊಕ್‌ಗಿಂತ ಹೆಚ್ಚು ಒಪ್ಪಿಗೆ ಆಗುತ್ತೆ, ಆದ್ರೆ ಇದು ನನ್ನ ಕಣ್ಣಂದಾಜು.

2024ರ ನವೆಂಬರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯದ ಮಾರ್ಟಿನ್ ಕ್ವಾರ್ನ್‌ಸ್ಟ್ರೋಮ್ ಮತ್ತೆ ಅವ್ರ ತಂಡ, ನಿಯೆಜ್‌ವಿಯೆಟ್ಸ್ಕಿನೂ ಅದರಲ್ಲಿದಾರೆ, ಪೋಲೆಂಡಿನ ಬೇರೆ ಬೇರೆ ಕಾಲದ ಪದರಗಳಿಂದ 500ಕ್ಕೂ ಹೆಚ್ಚು ಸಗಣಿ, ವಾಂತಿ ಪಳೆಯುಳಿಕೆ ಸೇರಿಸಿ 'ನೇಚರ್' ಪತ್ರಿಕೇಲಿ ಬರೆದ್ರು. ಯಾರು ಯಾರನ್ನ ತಿಂದ್ರು, ಯಾರು ಏನು ಮೇಯ್ದ್ರು, ಕಾಲ ಕಳೆದ ಹಾಗೆ ಅದು ಹೇಗೆ ಬದಲಾಯ್ತು ಅಂತ. ಅದರಲ್ಲಿ ಬರೋ ಚಿತ್ರ ಏನಂದ್ರೆ ಗಿಡ ತಿನ್ನೋ ಆರಂಭದ ಡೈನೋಸಾರ್‌ಗಳು ಜರೀಗಿಡದಿಂದ ಹಿಡಿದು ಎಲ್ಲ ತರದ್ದಕ್ಕೂ ಬಾಯಿ ಹಾಕ್ತಿದ್ವು, ಸುಟ್ಟ ಇದ್ದಿಲು ಚೂರು ಕೂಡ ಅವುಗಳ ಸಗಣಿಲಿದೆ. ಹವಾಮಾನ ಬದಲಾಗಿ ಕಾಡು ಬದಲಾದಾಗ ಅಂಥವಕ್ಕೆ ಅನುಕೂಲ ಆಯ್ತು, ಒಂದೇ ತರ ಮೇವಿಗೆ ಒಗ್ಗಿದ ದೊಡ್ಡ ಹೊಟ್ಟೆಗೆ ಆಗ್ಲಿಲ್ಲ. ಹಾಗಂತ ಡೈನೋಸಾರ್ ಬಂದು ಲಿಸೊವಿಚಿಯಾನ ಓಡಿಸ್ತು ಅಂತ ಬರೆಯೋ ಯೂಟ್ಯೂಬ್ ಕಥೆ ನಂಬ್ಬೇಡಿ, ಹೋಟೆಲ್ ಮುಚ್ಚಿದ್ರೆ ಎದುರಿನ ಹೋಟೆಲ್‌ನೋನೇ ಮಾಟ ಮಾಡಿಸ್ದ ಅಂದ ಹಾಗಿರುತ್ತೆ.

ಇದೇ ಡೈಸಿನೊಡಾಂಟ್‌ಗಳು ಇನ್ನೂ ಹತ್ತು ಕೋಟಿ ವರ್ಷ ಆಸ್ಟ್ರೇಲಿಯಾದಲ್ಲಿ ಬದುಕಿದ್ವು ಅಂತ 2003ರಲ್ಲಿ ಒಂದು ವಾದ ಬಂದಿತ್ತು, ಕ್ವೀನ್ಸ್‌ಲ್ಯಾಂಡಲ್ಲಿ 1914ರಲ್ಲಿ ಸಿಕ್ಕ ತಲೆಬುರುಡೆ ಚೂರು ಇಟ್ಕೊಂಡು. ಆಮೇಲೆ ಮತ್ತೆ ಪರೀಕ್ಷೆ ಮಾಡಿದ್ರೆ ಆ ಚೂರು ತೀರಾ ಇತ್ತೀಚಿನ ಒಂದು ದೊಡ್ಡ ಸಸ್ತನಿಯದು. ಹಾಗಾಗಿ ಸದ್ಯಕ್ಕೆ ಲಿಸೊವಿಚಿಯಾನೇ ಆ ಮನೆತನದ ಕೊನೆಯವುಗಳಲ್ಲಿ ಒಂದು.

ಇನ್ನೊಂದು ವಸ್ತು ಹೇಳಲೇಬೇಕು. ಅದೇ ಗುಂಡಿ, ಅದೇ ಬೂದು ಮಣ್ಣು, ಅದರಲ್ಲಿ ಸುಲೆಯ್, ನಿಯೆಜ್‌ವಿಯೆಟ್ಸ್ಕಿ ಅವ್ರ ತಂಡಕ್ಕೆ ಒಂದು ಪುಟ್ಟ ಹಲ್ಲು ಸಿಕ್ತು, 2014ರಲ್ಲಿ ಪ್ರಕಟ ಮಾಡಿದ್ರು. ಸಸ್ತನಿಗಳ ತೀರ ಹತ್ತಿರದ ನೆಂಟ, ಇಲಿಯಷ್ಟಿರೋ ಪ್ರಾಣಿಯದು. ಅಂದ್ರೆ ದಾಯಾದಿಗಳಿಬ್ರೂ ಒಂದೇ ಬಯಲಲ್ಲಿ ಇದ್ರು, ಒಬ್ಬ ಆನೆಯಷ್ಟು, ಇನ್ನೊಬ್ಬ ಅವನ ಕಾಲಡಿ ಸಿಕ್ಕಿದ್ರೆ ಗೊತ್ತೂ ಆಗ್ದಷ್ಟು. ಹಲ್ಲು ಒಂದೇ, ಭುಜ ಇಲ್ಲ, ಕಾಲಿಲ್ಲ. ಅದರ ತೂಕ ಯಾರೂ ಫಾರ್ವರ್ಡ್ ಮಾಡಿಲ್ಲ.

ಇಷ್ಟೆಲ್ಲ ಓದಿ ಗ್ರೂಪಲ್ಲಿ ಚಿಕ್ಕದಾಗಿ ಹಾಕಿದೆ: 9 ಟನ್ ಅಲ್ಲ, ಈಗಿನ ಲೆಕ್ಕ 5ರಿಂದ 7, ಡೈನೋಸಾರ್ ಅಲ್ಲ, ನಮ್ಮ ಕಡೆಯ ದಾಯಾದಿ, ಮುಂಗಾಲು ಆನೆ ತರ ನೆಟ್ಟಗಿತ್ತು ನೋಡಿ ಅಂತ ಒಂದು ಎಲುಬಿನ ಫೋಟೋನೂ ಹಾಕಿದೆ. ಅಪ್ಪ ಫೋನ್ ತಗೊಂಡು ಓದಿ, "ಆರು ಟನ್ ಅಂದ್ರೆ ನಂಬ್ಬೋದು" ಅಂದ್ರು, ಆಮೇಲೆ ಫೋಟೋ ದೊಡ್ಡದು ಮಾಡಿ ಭುಜದ ಗುಂಡಿನ ಸುಮಾರು ಹೊತ್ತು ನೋಡ್ತಿದ್ರು. ಗ್ರೂಪಲ್ಲಿ ಮೊದಲ ರಿಪ್ಲೈ ಚಿಕ್ಕಮ್ಮಂದು ಬಂತು, "ಡೈನೋಸಾರ್ ಮೂಳೆನಾ ಪುಟ್ಟ ಅದು?"